ಭಾರ್ಗವಿಯ ಮನೆಗೆ ಬಣ್ಣ ಬಂದಾಗ

ವೈಕಂ ಮುಹಮ್ಮದ್ ಬಷೀರರ ‘ನೀಲವೆಳಿಚ್ಚಂ’ ಬಹಳ ಚಿಕ್ಕ ಕತೆ. ಮುಂಗಡ ಬಾಡಿಗೆ ಕೊಟ್ಟು ಹಳೆಯ ಮನೆಯೊಂದನ್ನು ಹಿಡಿದ ಬರಹಗಾರನಿಗೆ, ಅಲ್ಲಿಯ ಬಾವಿಗೆ ಹಾರಿ ಸತ್ತ ಭಾರ್ಗವಿಯ ಪ್ರೇತ ಆ ಮನೆಯಲ್ಲಿದೆಯೆಂದು ಆಮೇಲೆ ತಿಳಿಯುತ್ತದೆ. ಆತ ಓಡಿಹೋಗುವುದಿಲ್ಲ. ಆಕೆಯನ್ನು ಹೆಸರು ಹಿಡಿದು ಮಾತನಾಡಿಸುತ್ತಾನೆ, ಗ್ರಾಮಫೋನಿನಲ್ಲಿ ಸೈಗಲ್, ಪಂಕಜ್ ಮಲ್ಲಿಕರ ಹಾಡುಗಳನ್ನು ಕೇಳಿಸುತ್ತಾನೆ. ಒಂದು ರಾತ್ರಿ ದೀಪದ ಎಣ್ಣೆ ತೀರುತ್ತದೆ. ಗೆಳೆಯರಲ್ಲಿಗೆ ಹೋಗಿ ಸೀಮೆಎಣ್ಣೆ ತಂದು ಬಾಗಿಲು ತೆರೆದರೆ ಕೋಣೆಯ ತುಂಬ ನೀಲಿ ಬೆಳಕು. ಹಚ್ಚಿದವರು ಯಾರು? ಕತೆ ಅಲ್ಲಿಗೇ ನಿಲ್ಲುತ್ತದೆ.

1964ರಲ್ಲಿ ಛಾಯಾಗ್ರಾಹಕ ಎ. ವಿನ್ಸೆಂಟ್ ಇದನ್ನು ‘ಭಾರ್ಗವೀ ನಿಲಯಂ’ ಎಂಬ ಚಿತ್ರವಾಗಿಸಿದರು. ಅವರ ಮೊದಲ ನಿರ್ದೇಶನವದು. ಚಿತ್ರಕತೆ ಬಷೀರರದೇ. ಮಧು, ಪ್ರೇಮ್ ನಜೀರ್, ವಿಜಯ ನಿರ್ಮಲಾ ನಟಿಸಿದ ಆ ಚಿತ್ರ ಕಪ್ಪು-ಬಿಳುಪಿನದು. ಕತೆಯ ಹೆಸರಿನಲ್ಲೇ ಇರುವ ನೀಲಿಯನ್ನು ತೋರಿಸುವ ಭಾಗ್ಯ ಅದಕ್ಕಿರಲಿಲ್ಲ. ಅದೇ ಚಿತ್ರಕತೆಯನ್ನು ಆಷಿಕ್ ಅಬು 2023ರಲ್ಲಿ ಕತೆಯ ಮೂಲ ಹೆಸರಿನಲ್ಲೇ ಬಣ್ಣಕ್ಕೆ ತಂದರು.

ದೋಷಗಳಿಗೇನೂ ಬರವಿಲ್ಲ. ಅರುವತ್ತು ವರ್ಷ ಹಿಂದಿನ ಸಂಭಾಷಣೆ ಇಂದಿನ ನಟರ ಬಾಯಲ್ಲಿ ನಾಟಕದ ಮಾತಿನಂತೆ ಕೇಳಿಸುತ್ತದೆ. ಖಳನಾಗಿ ಶೈನ್ ಟಾಮ್ ಚಾಕೊ ಅವರ ಅಭಿನಯ ಅತಿಯಾಯಿತು. ಬಿಳಿ ಸೀರೆಯ, ಬಿಚ್ಚುಗೂದಲಿನ ಹೆಣ್ಣನ್ನು ಕಂಡು ಇಂದು ಮಕ್ಕಳೂ ಅಂಜುವುದಿಲ್ಲ. ಎಲ್ಲಕ್ಕಿಂತ ದೊಡ್ಡ ನಷ್ಟವೆಂದರೆ, ಕತೆ ಪ್ರಶ್ನೆಯಾಗಿಯೇ ಬಿಟ್ಟದ್ದಕ್ಕೆ ಚಿತ್ರ ಪ್ರೇಮ, ಕೊಲೆ, ಸೇಡುಗಳ ಉತ್ತರ ಒದಗಿಸುತ್ತದೆ. ಇದಕ್ಕೆ ಹೊಸ ನಿರ್ದೇಶಕರೊಬ್ಬರನ್ನೇ ದೂರುವಂತಿಲ್ಲ. ಹಿಗ್ಗಿಸಿದವರು ಸ್ವತಃ ಬಷೀರರು!

ಆದರೂ ಚಿತ್ರ ಮನಸ್ಸಿಗೆ ಹಿತವಾಗುತ್ತದೆ. ಬಾಬುರಾಜರ ಹಳೆಯ ರಾಗಗಳು ಹೆಚ್ಚು ಕೆಡದೆ ಮರಳಿ ಬಂದಿವೆ, ಎಸ್. ಜಾನಕಿಯವರು ಹಾಡಿದ್ದೊಂದನ್ನು ಚಿತ್ರಾ ಹಾಡಿದ್ದಾರೆ. ಗಿರೀಶ್ ಗಂಗಾಧರನ್ ಅವರ ಕ್ಯಾಮರಾಕ್ಕೆ ಅವಸರವಿಲ್ಲ. ಟೊವಿನೊ ಥಾಮಸ್ ಬರಿಯ ಗೋಡೆಗಳ ನಡುವೆ ನಿಂತು ಭಾರ್ಗವಿಯೊಡನೆ ಆಡುವ ಮಾತುಗಳಲ್ಲಿ ಭಯಕ್ಕಿಂತ ಹೆಚ್ಚಾಗಿ ಮರ್ಯಾದೆ ಇದೆ. ಮನೆ ನಿನ್ನದು, ನಾನು ಬಂದು ಸೇರಿದವನು ಎಂಬ ವಿನಯವದು. ಇಲ್ಲಿ ಪ್ರೇತವೆಂದರೆ ಅಟ್ಟಬೇಕಾದ ಪೀಡೆಯಲ್ಲ, ಜೊತೆಗೆ ಬಾಳಬೇಕಾದ ಜೀವ. ಆಟಿ ತಿಂಗಳಲ್ಲಿ ಕುಲೆಗಳಿಗೆ ಎಲೆಯಿಟ್ಟು ಬಡಿಸುವ, ಮದುವೆಯಾಗದೆ ತೀರಿಹೋದವರಿಗೆ ಪ್ರೇತಮದುವೆ ಮಾಡಿಸುವ ನಮ್ಮ ಕಾಸರಗೋಡಿನ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಂತ್ರವಾದಿಯನ್ನು ಕರೆತಂದು ಮೊಳೆ ಹೊಡೆಸುವ ನೂರು ಚಿತ್ರಗಳಲ್ಲಿ ಈ ಸೌಜನ್ಯ ಕಾಣಸಿಗದು.

ಎರಡೂ ಚಿತ್ರಗಳನ್ನು ನೋಡಬಯಸುವವರು ಬಣ್ಣದ್ದನ್ನೇ ಮೊದಲು ನೋಡಲಿ. ಆಮೇಲೆ ವಿನ್ಸೆಂಟರ ಚಿತ್ರಕ್ಕೆ ಹೋದರೆ, ಅಲ್ಲಿನ ಬೂದು ಬೆಳಕಿಗೆ ನೀಲಿಯನ್ನು ಕಣ್ಣೇ ತುಂಬಿಕೊಳ್ಳುತ್ತದೆ.