ಪರಿಚಾರಕನ ಮನಸ್ಸು

ಸಾಂಕ್ರಾಮಿಕ ರೋಗಗಳನ್ನು ವಸ್ತುವಾಗಿ ಉಳ್ಳ ಗ್ರಂಥಗಳನ್ನು ಓದುವಾಗ ನಮ್ಮ ದೃಷ್ಟಿಯು ಸಹಜವಾಗಿ ರೋಗಿಯ ಕಡೆಗೂ ಮೃತನ ಕಡೆಗೂ ಹರಿಯುವುದು. ಶುಶ್ರೂಷೆ ಮಾಡಿದವರ ಮನಸ್ಸು ಏನಾಯಿತೆಂದು ವಿಚಾರಿಸುವವರು ವಿರಳ.

ಚರಕಸಂಹಿತೆಯು ಈ ವಿಷಯದಲ್ಲಿ ನಮಗಿಂತ ಸೂಕ್ಷ್ಮವಾದುದು. ಚಿಕಿತ್ಸೆಗೆ ವೈದ್ಯ, ಔಷಧ, ಪರಿಚಾರಕ, ರೋಗಿ ಎಂದು ನಾಲ್ಕು ಪಾದಗಳನ್ನು ಹೇಳಿ, ವೈದ್ಯನ ಮನೋವೃತ್ತಿಯನ್ನೂ ನಾಲ್ಕಾಗಿ ವಿಂಗಡಿಸಿದೆ: ಮೈತ್ರಿ, ಆರ್ತರಲ್ಲಿ ಕಾರುಣ್ಯ, ಸಾಧ್ಯರೋಗಿಯಲ್ಲಿ ಪ್ರೀತಿ, ಉಪೇಕ್ಷೆ. ಕಡೆಯದು ಮರಣಸಮೀಪನಾದವನ ವಿಷಯವೆಂದು ವ್ಯಾಖ್ಯಾನಿಸುವರು. ಅದು ಅನಾದರವಲ್ಲ, ದುಃಖಕ್ಕೆ ಹಾಕಿದ ಎಲ್ಲೆ. ಅದಿಲ್ಲದಿದ್ದರೆ ವೈದ್ಯನು ಒಬ್ಬನನ್ನು ಕಳೆದುಕೊಂಡು ಮತ್ತೊಬ್ಬನ ಬಳಿಗೆ ಹೋಗಲಾರನು. ಆದರೆ ಮರಣಗಳು ದಿನದಿನವೂ ರಾಶಿಯಾದಾಗ ಆ ಎಲ್ಲೆಯು ನಿಲ್ಲುವುದೆ? ಫ್ರೆಂಚ್ ಲೇಖಕ ಕಾಮೂವಿನ ‘ಪ್ಲೇಗ್’ (೧೯೪೭) ಕಾದಂಬರಿಯ ವೈದ್ಯ ರಿಯೂ ತನ್ನ ಹೃದಯವು ಕಲ್ಲಾಗುತ್ತಿರುವುದನ್ನು ತಾನೇ ಕಾಣುತ್ತಾನೆ. ಆ ಕಾಠಿಣ್ಯದ ಬಲದಿಂದಲೇ ಮರುದಿನವೂ ಕೆಲಸಕ್ಕೆ ಹೊರಡುತ್ತಾನೆ.

ನಮ್ಮಲ್ಲಿ ಅನಂತಮೂರ್ತಿಯವರ ‘ಸಂಸ್ಕಾರ’ (೧೯೬೫) ಇದೆ. ಅದರ ಪ್ರಾಣೇಶಾಚಾರ್ಯರನ್ನು ಶಾಸ್ತ್ರಕ್ಕೂ ಕಾಮಕ್ಕೂ ನಡೆದ ಘರ್ಷಣೆಯಲ್ಲಿ ಮಾತ್ರ ಅಳೆಯುವುದು ವಿಮರ್ಶಕರ ರೂಢಿ. ಆದರೆ ಅವರು ಹಾಸಿಗೆ ಹಿಡಿದ ಪತ್ನಿಯನ್ನು ವರ್ಷಗಟ್ಟಲೆ ಆರೈಕೆ ಮಾಡಿದ ಪರಿಚಾರಕರೂ ಅಹುದು. ಆ ಸೇವೆಯನ್ನು ತಪಸ್ಸೆಂದು ಭಾವಿಸಿದುದರಿಂದ, ಬಳಲಿದೆನೆಂದು ಹೇಳಿಕೊಳ್ಳಲು ಅವರಿಗೆ ಅವಕಾಶವೇ ಉಳಿಯಲಿಲ್ಲ. ಪ್ಲೇಗಿನಿಂದ ಆಕೆ ತೀರಿದ ಮೇಲೆ ಅವರು ಗೊತ್ತುಗುರಿಯಿಲ್ಲದೆ ನಡೆದುಹೋಗುವ ಭಾಗವನ್ನು, ಭಾರವಿಳಿದ ಪರಿಚಾರಕನ ಶೂನ್ಯವೆಂದೂ ಓದಬಹುದು.

ಇದೇ ದೋಷವು ೨೦೨೦ರ ಕೊರೋನಾ ಕಾಲದ ಪದ್ಯಗಳಲ್ಲಿಯೂ ಭಾಷಣಗಳಲ್ಲಿಯೂ ಕಂಡುಬಂದಿತು. ವೈದ್ಯರನ್ನೂ ದಾದಿಯರನ್ನೂ ‘ಯೋಧ’ರೆಂದು ಕರೆದೆವು; ಮಾರ್ಚಿ ೨೨ರ ಸಂಜೆ ಚಪ್ಪಾಳೆ ತಟ್ಟಿದೆವು. ಉದ್ದೇಶವು ಒಳ್ಳೆಯದೇ; ಪದವು ಮಾತ್ರ ಸಾಧುವಲ್ಲ. ಯೋಧನು ಅಂಜಬಾರದು, ಅಳಬಾರದು, ಕೂಲಿ ಕೇಳಬಾರದು. ಜುಲೈ ೧೦ರಿಂದ ಕರ್ಣಾಟಕದ ಆಶಾ ಕಾರ್ಯಕರ್ತೆಯರು ತಿಂಗಳಿಗೆ ೧೨,೦೦೦ ರೂಪಾಯಿ ಗೌರವಧನವನ್ನೂ ರಕ್ಷಣಾಸಾಮಗ್ರಿಯನ್ನೂ ಬೇಡಿ ಕೆಲಸ ನಿಲ್ಲಿಸಬೇಕಾಯಿತು. ಆಗಸ್ಟಿನಲ್ಲಿ, ಪಾಲಹಳ್ಳಿಗೆ ದೂರವಲ್ಲದ ಮೈಸೂರು ಜಿಲ್ಲೆಯಲ್ಲಿ, ತಾಲ್ಲೂಕು ಆರೋಗ್ಯಾಧಿಕಾರಿಯೊಬ್ಬರು ಆತ್ಮಹತ್ಯೆ ಮಾಡಿಕೊಂಡರು. ಕೆಲಸದ ಒತ್ತಡವು ಮಿತಿಮೀರಿತ್ತೆಂದು ಸಹವೈದ್ಯರು ಮುಷ್ಕರ ಹೂಡಿದರು. ಇಂತಹ ಮರಣಕ್ಕೆ ಒಂದೇ ಕಾರಣವನ್ನು ಹೇಳುವುದು ವಿವೇಕವಲ್ಲ. ಆದರೆ ಯೋಧನೆಂಬ ಬಿರುದನ್ನು ಹೊತ್ತವನು “ನನ್ನಿಂದಾಗದು” ಎಂದು ಯಾರಲ್ಲಿ ಹೇಳಿಕೊಳ್ಳಬೇಕು? ಈ ಪ್ರಶ್ನೆಯನ್ನು ಎತ್ತಿದ ಪದ್ಯವೊಂದೂ ನನ್ನ ಕಣ್ಣಿಗೆ ಬೀಳಲಿಲ್ಲ.

ಪರಿಚಾರಕನಿಗೆ ಚರಕನು ವಿಧಿಸಿದ ಗುಣಗಳು ಉಪಚಾರಜ್ಞಾನ, ದಕ್ಷತೆ, ಅನುರಾಗ, ಶೌಚ. ಇವುಗಳಲ್ಲಿ ಶೌರ್ಯವಿಲ್ಲ. ಅನುರಾಗವುಳ್ಳ ಮನಸ್ಸು ನೋಯತಕ್ಕುದೇ. ಅದಕ್ಕೆ ನಿದ್ರೆಯೂ ಅನ್ನವೂ ಮಾತಿಗೊಬ್ಬ ಆಪ್ತನೂ ಬೇಕು. ನಾಲ್ಕು ಪಾದಗಳಲ್ಲಿ ಒಂದು ಕುಸಿದರೆ ಚಿಕಿತ್ಸೆಯೇ ಕುಸಿಯುವುದು. ಮುಂದೆ ಈ ಕಾಲವನ್ನು ಕುರಿತು ಬರೆಯುವ ತರುಣ ಲೇಖಕರು ಸ್ತುತಿಯನ್ನು ಬದಿಗಿಟ್ಟು, ರಾತ್ರಿಯ ಪಾಳಿ ಮುಗಿಸಿ ಮನೆಯ ಹೊರಗೆ ನಿಂತು ಮಕ್ಕಳನ್ನು ಮುಟ್ಟಲು ಹೆದರಿದ ದಾದಿಯ ಮುಖವನ್ನು ಕಂಡು ಬರೆಯಲಿ.