ಕೆಸರಿನಲ್ಲಿ ಕೂತ ಲೋಹ, ಲೆಕ್ಕಕ್ಕೆ ಸಿಗದ ಮಣ್ಣು

ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿತ ನೀರು 2018ರಲ್ಲಿ ಕೋಲಾರದ ಕೆರೆಗಳಿಗೆ ಹರಿಯತೊಡಗಿದಾಗ ದೊಡ್ಡ ಚರ್ಚೆಯೇ ಎದ್ದಿತು. ಕೆರೆಯಲ್ಲಿ ನೊರೆ ಕಂಡಿತು, ರೈತರು ಪ್ರಶ್ನೆ ಕೇಳಿದರು, ವಿಷಯ ನ್ಯಾಯಾಲಯದ ಮೆಟ್ಟಿಲೇರಿತು. ಆ ಎಚ್ಚರ ಬೇಕೇ ಇತ್ತು. ಆದರೆ ನೀರಿನ ಬಗ್ಗೆ ಇಷ್ಟು ಮಾತಾಡುವ ನಾವು ಕೆಸರಿನ ಬಗ್ಗೆ ಬಾಯಿ ಬಿಡುವುದೇ ಇಲ್ಲ. ಕೊಳಚೆ ನೀರು ಶುದ್ಧವಾಗುವುದೆಂದರೆ ಅದರಲ್ಲಿದ್ದ ಲೋಹ ಮಾಯವಾಗುವುದಲ್ಲ. ಸೀಸ, ತಾಮ್ರ, ಸತು, ಕ್ಯಾಡ್ಮಿಯಂಗಳ ಬಹುಪಾಲು ಗಟ್ಟಿ ಕಣಗಳಿಗೆ ಅಂಟಿ ತಳದ ಕೆಸರು ಸೇರುತ್ತದೆ. ನಿಕ್ಕಲ್ ಮಾತ್ರ ನೀರಿನ ಜೊತೆ ಹೊರಟುಹೋಗುವುದು ಜಾಸ್ತಿ. ಶುದ್ಧೀಕರಣ ಘಟಕ ಚೆನ್ನಾಗಿ ಕೆಲಸ ಮಾಡಿದಷ್ಟೂ ನೀರು ತಿಳಿಯಾಗುತ್ತದೆ, ಕೆಸರಿನಲ್ಲಿ ಲೋಹ ಕೂಡುತ್ತದೆ.

ಹಾಗೆಂದು ಈ ಕೆಸರನ್ನು ವಿಷ ಎಂದು ತಳ್ಳಿಹಾಕುವವರ ಜೊತೆ ನಾನಿಲ್ಲ. ಶುದ್ಧೀಕರಣ ಘಟಕದ ಒಣಗು ಹಾಸುಗಳನ್ನು ನೋಡಿದವರಿಗೆ ಗೊತ್ತು: ಬಿಸಿಲಿಗೆ ಬಿರುಕು ಬಿಟ್ಟ ಕಪ್ಪು ಹೆಂಟೆಗಳ ನಡುವೆ ಟೊಮೆಟೊ ಸಸಿಗಳು ತಾವಾಗಿಯೇ ಎದ್ದಿರುತ್ತವೆ. ಮನುಷ್ಯರ ಹೊಟ್ಟೆ ದಾಟಿ ಬಂದ ಬೀಜಗಳು ಅವು. ಹಸಿರು ದಟ್ಟವಾಗಿ, ಎಲೆ ಅಗಲವಾಗಿ ಬೆಳೆಯುತ್ತವೆ. ಸಾರಜನಕ, ರಂಜಕ, ಸಾವಯವ ಇಂಗಾಲ ಎಲ್ಲ ಇರುವ ಈ ಗೊಬ್ಬರ ಕೊಟ್ಟಿಗೆ ಗೊಬ್ಬರ ಸಿಗದ ರೈತನಿಗೆ ಬೇಡವಾಗುವುದಾದರೂ ಹೇಗೆ? ನಮ್ಮ ಎಷ್ಟೋ ಹೊಲಗಳಲ್ಲಿ ಸತುವಿನ ಕೊರತೆಯೂ ಇದೆ, ಅಲ್ಲಿಗೆ ಕೆಸರಿನ ಸತು ಒಂದಷ್ಟು ಕಾಲ ಉಪಕಾರವನ್ನೇ ಮಾಡುತ್ತದೆ. ಕೆಸರನ್ನು ಹೊಲಕ್ಕೆ ಹಾಕುವುದಕ್ಕೆ ನನ್ನ ಆಕ್ಷೇಪವಿಲ್ಲ. ಅದನ್ನು ನಾವು ಅಳೆಯುವ ರೀತಿ, ಅಳೆದೆವೆಂದು ನಿಶ್ಚಿಂತರಾಗುವ ರೀತಿ ಸರಿಯಿಲ್ಲ.

ನಮ್ಮಲ್ಲಿ ಕಾಂಪೋಸ್ಟಿಗೆ ರಸಗೊಬ್ಬರ ನಿಯಂತ್ರಣ ಆದೇಶದ ಮಿತಿಗಳಿವೆ. ಒಂದು ಕಿಲೋ ಒಣ ಗೊಬ್ಬರದಲ್ಲಿ ಕ್ಯಾಡ್ಮಿಯಂ 5 ಮಿಲಿಗ್ರಾಂ, ಸೀಸ 100, ನಿಕ್ಕಲ್ 50, ಕ್ರೋಮಿಯಂ 50, ತಾಮ್ರ 300, ಸತು 1000 ದಾಟಬಾರದು. ಒಳಚರಂಡಿಯ ಕೆಸರಿಗೂ ಇದೇ ಅಳತೆಗೋಲು ಹಿಡಿಯುವ ರೂಢಿ ಬಂದಿದೆ. ಅಮೆರಿಕದ 1993ರ ನಿಯಮದಲ್ಲಿ ಅತ್ಯುತ್ತಮ ದರ್ಜೆಯ ಕೆಸರಿಗೂ ಕ್ಯಾಡ್ಮಿಯಂ 39ರವರೆಗೆ, ಸೀಸ 300ರವರೆಗೆ ಇರಬಹುದು. ಯುರೋಪಿನ 1986ರ ನಿರ್ದೇಶನವಂತೂ ಕ್ಯಾಡ್ಮಿಯಂ 20ರಿಂದ 40ರವರೆಗೆ ಬಿಟ್ಟಿದೆ. ಕಾಗದದ ಮೇಲೆ ನಾವೇ ಬಿಗಿ. ಆದರೆ ಬಿಗಿ ಎಲ್ಲಿ ಬೇಕೋ ಅಲ್ಲಿ ಇದೆಯೇ?

ಕ್ರೋಮಿಯಂ ನೋಡಿ. ಯಾವ ಕಾರ್ಖಾನೆಯ ಸೋಂಕೂ ಇಲ್ಲದ ಎಷ್ಟೋ ಮಣ್ಣಿನಲ್ಲಿ ಸಹಜವಾಗಿಯೇ ಕಿಲೋಗೆ 50 ಮಿಲಿಗ್ರಾಂ ಮೀರಿ ಕ್ರೋಮಿಯಂ ಇರುತ್ತದೆ. ಕೆಸರಿನಲ್ಲಿರುವುದು ಹೆಚ್ಚಾಗಿ ಮೂರು ವೇಲೆನ್ಸಿಯ ಕ್ರೋಮಿಯಂ, ಅದು ಮಣ್ಣಿನಲ್ಲಿ ಗಟ್ಟಿಯಾಗಿ ಕೂತುಬಿಡುತ್ತದೆ. ಅಪಾಯಕಾರಿಯಾದದ್ದು ಆರು ವೇಲೆನ್ಸಿಯದು. ನಮ್ಮ ಮಿತಿ ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತದೆ.

ಎಲ್ಲ ಲೋಹಗಳೂ ಒಂದೇ ಬಗೆಯವಲ್ಲ ಎಂಬುದನ್ನು ಅಮೆರಿಕದ ಕೃಷಿ ಇಲಾಖೆಯ ವಿಜ್ಞಾನಿ ರೂಫಸ್ ಚೇನಿ 1980ರ ಹೊತ್ತಿಗೇ ಸ್ಪಷ್ಟವಾಗಿ ವಿವರಿಸಿದ್ದರು. ಸೀಸ, ಕ್ರೋಮಿಯಂ ಮಣ್ಣಿಗೇ ಅಂಟಿಕೊಳ್ಳುತ್ತವೆ, ಬೇರಿನಿಂದ ಮೇಲೆ ಏರುವುದು ಕಡಿಮೆ. ಸತು, ತಾಮ್ರ, ನಿಕ್ಕಲ್ ಮೇಲೇರಿದರೂ ಉಣ್ಣುವವರಿಗೆ ಕೇಡಾಗುವ ಮುಂಚೆ ಗಿಡವೇ ಸೊರಗಿಬಿಡುತ್ತದೆ. ಈ ಎರಡೂ ತಡೆ ದಾಟಿ ಬರುವುದು ಕ್ಯಾಡ್ಮಿಯಂ. ಗಿಡ ನಳನಳಿಸುತ್ತಿರುವಾಗಲೇ ಎಲೆಯಲ್ಲಿ ಸೇರಿಕೊಂಡಿರುತ್ತದೆ. ಮಣ್ಣು ಹುಳಿಯಾದಷ್ಟೂ ಹೆಚ್ಚು ಸೇರುತ್ತದೆ, ಅದರಲ್ಲೂ ಪಾಲಕ್‌ನಂಥ ಸೊಪ್ಪಿಗೆ. ಜಪಾನಿನ ತೊಯಾಮಾದಲ್ಲಿ ಗಣಿಯ ಕ್ಯಾಡ್ಮಿಯಂ ಜಿಂಜು ನದಿಯ ಮೂಲಕ ಗದ್ದೆ ಸೇರಿ, ಅಕ್ಕಿಯ ಮೂಲಕ ಜನರ ಮೂತ್ರಪಿಂಡ, ಮೂಳೆಗಳನ್ನು ತಿಂದಿತು. ಅಲ್ಲಿನ ಸರ್ಕಾರ ಅದನ್ನು ಮಾಲಿನ್ಯದ ರೋಗವೆಂದು ಒಪ್ಪಿದ್ದು 1968ರಲ್ಲಿ. ಅದು ಕೆಸರಿನ ಕಥೆಯಲ್ಲ ನಿಜ, ಆದರೆ ಮಣ್ಣಿನಿಂದ ತಟ್ಟೆಗೆ ಬರುವ ದಾರಿ ಅದೇ.

ಇನ್ನು 5 ಮಿಲಿಗ್ರಾಂ ಎಂಬ ಮಿತಿಯನ್ನೇ ಹೊಲಕ್ಕೆ ಇಳಿಸಿ ನೋಡೋಣ. ಎಕರೆಗೆ ವರ್ಷಕ್ಕೆ 4 ಟನ್ ಒಣ ಕೆಸರು ಹಾಕಿದರೆ 20 ಗ್ರಾಂ ಕ್ಯಾಡ್ಮಿಯಂ ಬಿತ್ತು. ಉಳುಮೆಯ ಪದರದಲ್ಲಿ ಎಕರೆಗೆ ಸುಮಾರು 8 ಲಕ್ಷ ಕಿಲೋ ಮಣ್ಣಿರುತ್ತದೆ. ಅಂದರೆ ಕಿಲೋ ಮಣ್ಣಿಗೆ 0.025 ಮಿಲಿಗ್ರಾಂ. ಏನೂ ಅಲ್ಲ ಅನ್ನಿಸುತ್ತದೆ. ಹೀಗೇ 40 ವರ್ಷ ನಡೆದರೆ 1 ಮಿಲಿಗ್ರಾಂ, ಮಣ್ಣಿನಲ್ಲಿ ಯುರೋಪ್ ಹಾಕಿರುವ ಮಿತಿಯ ಕೆಳ ಅಂಚು. ಪ್ರತಿ ವರ್ಷವೂ ಪ್ರಯೋಗಾಲಯದ ವರದಿ ‘ಪಾಸ್’ ಎಂದೇ ಇರುತ್ತದೆ. ಯುರೋಪಿನ ನಿಯಮವೂ, ಅತ್ಯುತ್ತಮ ದರ್ಜೆಗೆ ಸಲ್ಲದ ಕೆಸರಿನ ಮಟ್ಟಿಗೆ ಅಮೆರಿಕದ ನಿಯಮವೂ ಕೆಸರಿನ ಜೊತೆಗೆ ಹೊಲದ ಲೆಕ್ಕವನ್ನೂ ಕೇಳುತ್ತವೆ. ನಮ್ಮ ಮಿತಿ ಚೀಲದ ಲೆಕ್ಕ ಕೇಳಿ ಸುಮ್ಮನಾಗುತ್ತದೆ. 2015ರಲ್ಲಿ ಬಂದ ಮಣ್ಣು ಆರೋಗ್ಯ ಚೀಟಿಯಲ್ಲಿ 12 ಅಂಶಗಳಿವೆ. ಸತು, ತಾಮ್ರಗಳೂ ಇವೆ, ಆದರೆ ಪೋಷಕಾಂಶದ ಕೊರತೆ ನೋಡಲಿಕ್ಕೆ. ಕ್ಯಾಡ್ಮಿಯಂಗೆ, ಸೀಸಕ್ಕೆ ಅಲ್ಲಿ ಕಾಲಮ್ಮೇ ಇಲ್ಲ.

ಬಿದ್ದ ಲೋಹ ಹೋಗುವುದಿಲ್ಲ ಎಂಬುದಕ್ಕೆ ಇಂಗ್ಲೆಂಡಿನ ರೋಥಮ್‌ಸ್ಟೆಡ್ ಸಂಸ್ಥೆಯ ವೋಬರ್ನ್ ಪ್ರಯೋಗಕ್ಕಿಂತ ಗಟ್ಟಿ ಸಾಕ್ಷಿ ಬೇಕಿಲ್ಲ. 1942ರಿಂದ 1961ರವರೆಗೆ ಅಲ್ಲಿನ ಹೊಲಕ್ಕೆ ಕೊಳಚೆ ಕೆಸರು ಹಾಕಿ ನಿಲ್ಲಿಸಿದರು. ಇಪ್ಪತ್ತು ವರ್ಷ ಕಳೆದು ಅಳೆದಾಗ ಲೋಹದ ಬಹುಪಾಲು ಮೇಲ್ಮಣ್ಣಿನಲ್ಲೇ ಇತ್ತು. ಅದಕ್ಕಿಂತ ಕಳವಳದ ಸಂಗತಿ, ಕ್ಲೋವರ್ ಗಿಡದ ಬೇರುಗಂಟಿನ ರೈಜೋಬಿಯಂ ಬ್ಯಾಕ್ಟೀರಿಯಾ ಗಾಳಿಯ ಸಾರಜನಕ ಹಿಡಿಯುವ ಶಕ್ತಿಯನ್ನೇ ಕಳೆದುಕೊಂಡಿತ್ತು. ಅವರೆ, ತೊಗರಿ, ಹುರುಳಿಯ ಬೇರುಗಂಟುಗಳನ್ನು ನಂಬಿ ಬೇಸಾಯ ಮಾಡುವ ನಾಡು ಇದನ್ನು ಹಗುರವಾಗಿ ತೆಗೆದುಕೊಳ್ಳಬಾರದು.

ಹಾಗಾದರೆ ಕೆಸರನ್ನು ಸಂಸ್ಕರಿಸಿದರಾಯಿತಲ್ಲ? ರೋಗಾಣು ಸಾಯಲು ಅದು ಬೇಕು. ಲೋಹಕ್ಕೆ ಅದರಿಂದ ಉಲ್ಟಾ ಪರಿಣಾಮ. ಕಿಲೋಗೆ 3 ಮಿಲಿಗ್ರಾಂ ಕ್ಯಾಡ್ಮಿಯಂ ಇರುವ 100 ಕಿಲೋ ಒಣ ಕೆಸರು ಕೊಳೆತು 60 ಕಿಲೋಗೆ ಇಳಿದರೆ ಕ್ಯಾಡ್ಮಿಯಂ 5ಕ್ಕೆ ಏರುತ್ತದೆ. ಆಮೇಲೆ ಮಣ್ಣು ಬೆರೆಸಿ ಮಿತಿಯೊಳಗೆ ತರುವುದು ಲೋಹದ ನಿರ್ವಹಣೆಯಲ್ಲ, ವರದಿಯ ನಿರ್ವಹಣೆ. ಸುಟ್ಟರೆ ಬೂದಿಯಲ್ಲಿ ಇನ್ನೂ ಸಾಂದ್ರವಾಗುತ್ತದೆ. ಸ್ವಿಟ್ಜರ್ಲೆಂಡ್ ಹೊಲಕ್ಕೆ ಹಾಕುವುದನ್ನೇ ನಿಲ್ಲಿಸಿ ಸುಡುವ ದಾರಿ ಹಿಡಿದಿದೆ. ಜರ್ಮನಿ ದೊಡ್ಡ ಘಟಕಗಳಿಗೆ 2029ರಿಂದ ರಂಜಕವನ್ನು ಮರಳಿ ಪಡೆಯುವುದನ್ನು ಕಡ್ಡಾಯ ಮಾಡಿದೆ. ಅಷ್ಟು ಬಂಡವಾಳದ ಘಟಕಗಳನ್ನು ನಮ್ಮ ನಗರಸಭೆಗಳು ಕಟ್ಟುವ ಕಾಲಕ್ಕೆ ಕಾಯುತ್ತ ಕೂರಬೇಕಿಲ್ಲ.

ಲೋಹ ಚರಂಡಿಗೆ ಇಳಿಯುವ ಜಾಗದಲ್ಲೇ ತಡೆಯಬಹುದು. ಬಿಡಿಭಾಗಗಳಿಗೆ ಲೋಹ ಲೇಪಿಸುವ ಪ್ಲೇಟಿಂಗ್ ಅಂಗಡಿಯ ಒಳಗೆ ನಿಂತು ನೋಡಿ. ನಿಕ್ಕಲ್ ದ್ರಾವಣದ ತೊಟ್ಟಿಯಿಂದ ಬಿಡಿಭಾಗ ಕಟ್ಟಿದ ಕಂಬಿಯನ್ನು ಮೇಲೆತ್ತುತ್ತಾರೆ, ತಕ್ಷಣ ಪಕ್ಕದ ನೀರಿನ ತೊಟ್ಟಿಗೆ ಅದ್ದುತ್ತಾರೆ. ಕಂಬಿಗೆ ಅಂಟಿ ಬಂದ ದ್ರಾವಣ ಆ ತೊಳೆಯುವ ನೀರಿಗೆ ಹೋಗುತ್ತದೆ, ಆ ನೀರು ಚರಂಡಿಗೆ. ಕಂಬಿಯನ್ನು ಕೆಲವೇ ಸೆಕೆಂಡು ತೊಟ್ಟಿಯ ಮೇಲೆ ಹಿಡಿದು ತೊಟ್ಟಿಕ್ಕಲು ಬಿಟ್ಟರೆ ದುಬಾರಿ ನಿಕ್ಕಲ್‌ನ ಗಣನೀಯ ಪಾಲು ಮಾಲೀಕನಿಗೇ ಉಳಿಯುತ್ತದೆ. ಎರಡು ಮೂರು ತೊಟ್ಟಿಗಳಲ್ಲಿ ಎದುರು ದಿಕ್ಕಿನ ನೀರು ಹರಿಸಿ ತೊಳೆದರೆ ನೀರೂ ಉಳಿಯುತ್ತದೆ. ಮಿಕ್ಕದ್ದಕ್ಕೆ ಸುಣ್ಣ ಹಾಕಿ ಲೋಹವನ್ನು ತಳಕ್ಕಿಳಿಸಿ ದಾಬಸ್‌ಪೇಟೆಯ ಅಪಾಯಕಾರಿ ತ್ಯಾಜ್ಯದ ತಾಣಕ್ಕೆ ಕಳಿಸಬೇಕು. ಅದಕ್ಕೆ ದುಡ್ಡು ಬೀಳುತ್ತದೆ, ಚರಂಡಿ ಪುಕ್ಕಟೆ. ಸಣ್ಣ ಅಂಗಡಿಗಳಿಗೆ ಸಾಮೂಹಿಕ ಘಟಕ, ಸಂಗ್ರಹದ ವಾಹನ ಕೊಡದೆ ಬರೀ ನೋಟಿಸ್ ಕಳಿಸುವ ಪದ್ಧತಿಯನ್ನು ನಾನು ಒಪ್ಪಲಾರೆ.

ಸ್ವೀಡನ್ನಿನ ‘ರೆವಾಕ್’ ಪ್ರಮಾಣಪತ್ರ ಪದ್ಧತಿ ಈ ದಿಸೆಯಲ್ಲಿ ನಾನು ಬಲ್ಲ ಅತ್ಯುತ್ತಮ ಮಾದರಿ. 2008ರಲ್ಲಿ ಶುರುವಾದ ಇದರಲ್ಲಿ ಕೆಸರು ಹೊಲಕ್ಕೆ ಹೋಗಬೇಕಾದರೆ ಶುದ್ಧೀಕರಣ ಘಟಕ ತನ್ನ ಕೊಳವೆಜಾಲದ ಮೇಲ್ಭಾಗದಲ್ಲಿ ಲೋಹದ ಮೂಲ ಹುಡುಕುತ್ತಲೇ ಇರಬೇಕು. ಕ್ಯಾಡ್ಮಿಯಂ ಅನ್ನು ಅಲ್ಲಿ ರಂಜಕಕ್ಕೆ ಹೋಲಿಸಿ ಅಳೆಯುತ್ತಾರೆ: ಇಷ್ಟು ಗೊಬ್ಬರದ ಸತ್ವಕ್ಕೆ ಎಷ್ಟು ಕೇಡು ಎಂದು. ಮಣ್ಣು ಬೆರೆಸಿ ಆ ಅನುಪಾತವನ್ನು ಇಳಿಸಲಾಗುವುದಿಲ್ಲ. ಚಿತ್ರಕಾರರು ಸಿಂಕಿನಲ್ಲಿ ಬ್ರಷ್ ತೊಳೆಯುವಾಗ ಹೋಗುವ ಕ್ಯಾಡ್ಮಿಯಂ ಬಣ್ಣದ ಮೇಲೂ ಆ ದೇಶದ ಕಣ್ಣು ಬಿತ್ತು. ಅಂಥ ಬಣ್ಣ ನಿಷೇಧಿಸಿ ಎಂದು ಯುರೋಪ್ ಒಕ್ಕೂಟವನ್ನು ಕೇಳಿತು. ಒಕ್ಕೂಟ ಒಪ್ಪಲಿಲ್ಲ, ಆ ಮಾತು ಬೇರೆ.

ನಮ್ಮಲ್ಲಿ ದೇವನಹಳ್ಳಿಯಂಥ ಊರಿನ ಮನೆಗಳ ಗುಂಡಿಯಿಂದ ಟ್ಯಾಂಕರಿನಲ್ಲಿ ಬರುವ ಮಲದ ಕೆಸರಿಗೂ ಕಾರ್ಖಾನೆ ನೀರು ಸೇರುವ ಮಹಾನಗರದ ಕೆಸರಿಗೂ ಒಂದೇ ಹೆಸರು, ಒಂದೇ ಹಣೆಪಟ್ಟಿ ಸಲ್ಲದು. ಮೊದಲನೆಯದನ್ನು ಕಾಂಪೋಸ್ಟ್ ಮಾಡಿ ಧೈರ್ಯವಾಗಿ ಹಂಚಬಹುದು. ಎರಡನೆಯದು ಹೊರಡುವಾಗ ಪ್ರತಿ ಲೋಡಿನ ಜೊತೆ ಕನ್ನಡದಲ್ಲಿ ಒಂದು ಚೀಟಿ ಇರಲಿ: ಯಾವ ಘಟಕದ್ದು, ಕ್ಯಾಡ್ಮಿಯಂ ಎಷ್ಟು, ಸೀಸ ಎಷ್ಟು, ಎಕರೆಗೆ ಎಷ್ಟು ಹಾಕಬಹುದು. ಸೊಪ್ಪು ತರಕಾರಿಗೆ ಬೇಡ, ಹುಳಿ ಮಣ್ಣಾದರೆ ಮೊದಲು ಸುಣ್ಣ ಹಾಕಿ ಎಂದೂ ಬರೆದಿರಲಿ. ಅದರ ನಕಲು ಸರ್ವೆ ನಂಬರಿನ ಹೆಸರಲ್ಲಿ ರೈತ ಸಂಪರ್ಕ ಕೇಂದ್ರದಲ್ಲಿ ಉಳಿಯಲಿ. ಮುಂದಿನ ಲೋಡ್ ಕೊಡುವ ಮುಂಚೆ ಅಲ್ಲಿನವರು ಆ ಹೊಲಕ್ಕೆ ಈವರೆಗೆ ಬಿದ್ದದ್ದನ್ನು ಕೂಡಿ ನೋಡಲಿ.