ಎರಡು ಚಮಚ ರಕ್ತದ ಕೀರ್ತಿ

2022ರ ನವೆಂಬರಿನಲ್ಲಿ, ಕಾಂಡಕೋಶಗಳಿಂದ ಬೆಳೆಸಿದ ಕೆಂಪು ರಕ್ತಕಣಗಳನ್ನು ಬ್ರಿಟನ್ನಿನ ಇಬ್ಬರಿಗೆ ಏರಿಸಿದ ಸುದ್ದಿ ಬಂತು. ‘ಇನ್ನು ದಾನಿಗಳೇ ಬೇಡ’ ಎಂಬ ಮಾತು ಅಂದಿನಿಂದಲೂ ಕಿವಿಗೆ ಬೀಳುತ್ತಿದೆ. ಈ ಕೀರ್ತಿ ಅಳತೆ ಮೀರಿದ್ದು. ಅಲ್ಲಿ ಏರಿಸಿದ್ದು ಒಂದೆರಡು ಚಮಚ. ಆ ಕಾಂಡಕೋಶಗಳು ಬಂದದ್ದೂ ದಾನಿಗಳ ರಕ್ತದಿಂದಲೇ.

2011ರಲ್ಲಿ ಪ್ಯಾರಿಸ್ಸಿನ ಲುಕ್ ದುಎ ತಂಡ ಒಬ್ಬ ವ್ಯಕ್ತಿಗೆ ಹೀಗೆಯೇ ಬೆಳೆಸಿ ಕೊಟ್ಟದ್ದು ಸುಮಾರು 1,000 ಕೋಟಿ ಕಣಗಳನ್ನು. ಹೊಸಪೇಟೆಯ ರಕ್ತದಾನ ಶಿಬಿರದಲ್ಲಿ ತುಂಬುವ 350 ಮಿಲಿಲೀಟರಿನ ಒಂದೇ ಚೀಲದಲ್ಲಿ ಹೆಚ್ಚುಕಡಿಮೆ ಒಂದೂಮುಕ್ಕಾಲು ಲಕ್ಷ ಕೋಟಿ ಇರುತ್ತವೆ. ಕಣ ಬೆಳೆಸುವ ಪಾತ್ರೆ ದೊಡ್ಡದು ಮಾಡಿದರಾಯಿತು ಎನ್ನುವವರು ಒಂದು ತೊಡಕನ್ನು ನೋಡುವುದೇ ಇಲ್ಲ. ಕೆಂಪು ಕಣ ಬಲಿಯುವಾಗ ತನ್ನ ಕೋಶಕೇಂದ್ರವನ್ನೇ ಹೊರಗೆ ತಳ್ಳಬೇಕು. ಮೂಳೆಯ ಮಜ್ಜೆಯಲ್ಲಿ ಕಸ ನುಂಗುವ ಕೋಶಗಳಾದ ಮ್ಯಾಕ್ರೋಫೇಜ್‌ಗಳು ಪಕ್ಕದಲ್ಲೇ ಇದ್ದು ಆ ಕೇಂದ್ರವನ್ನು ನುಂಗಿಬಿಡುತ್ತವೆ. ಪ್ರಯೋಗಾಲಯದಲ್ಲಿ ಮೂರು ವಾರ ಸಾಕಿದರೂ ಕೆಲವು ಕಣಗಳು ಕೇಂದ್ರ ಹೊತ್ತೇ ಉಳಿಯುತ್ತವೆ. ಅವನ್ನು ಸೋಸಿ ತೆಗೆಯಬೇಕು. ದಾನಿಯ ಕಾಂಡಕೋಶ ಕೇಂದ್ರ ತಳ್ಳುವ ಕೆಲಸ ಬಲ್ಲದು, ಆದರೆ ಎಷ್ಟು ಬೇಕಾದರೂ ವಿಭಜಿಸಲಾರದು. ಬಲಿತ ಕೋಶವನ್ನೇ ಕಾಂಡಕೋಶದ ಸ್ಥಿತಿಗೆ ಮರಳಿಸಿ ಜಪಾನಿನ ವಿಜ್ಞಾನಿ ಯಮನಕ ತೋರಿಸಿದ ಐಪಿಎಸ್ ಕೋಶ ವಿಭಜಿಸುತ್ತಲೇ ಹೋಗುತ್ತದೆ, ಅದರಿಂದ ಬೆಳೆದ ಕಣ ಮಾತ್ರ ಕೇಂದ್ರವನ್ನು ಸುಲಭಕ್ಕೆ ಬಿಡದು. ಆ ಕಣದ ಹಿಮೋಗ್ಲೋಬಿನ್ನೂ ಬಹುಪಾಲು ಭ್ರೂಣದ ಬಗೆಯದೇ. ಒಂದಕ್ಕೆ ದಾನಿ ತಪ್ಪಲಿಲ್ಲ, ಇನ್ನೊಂದು ಪೂರ್ತಿ ಬಲಿಯಲಿಲ್ಲ.

ಹಾಗೆಂದು ಇದನ್ನು ಶ್ರೀಮಂತ ದೇಶಗಳ ಆಟಿಕೆ ಎಂದು ತಳ್ಳಿಹಾಕುವ ನಮ್ಮ ವಿಮರ್ಶಕರ ಜೊತೆ ನಾನಿಲ್ಲ. ಅವರ ಜೊತೆಗೇ ನನ್ನ ಜಗಳ ಹೆಚ್ಚು. ಹುಟ್ಟಿನಿಂದಲೇ ಹಿಮೋಗ್ಲೋಬಿನ್ ಸರಿಯಾಗಿ ತಯಾರಾಗದ ತೀವ್ರ ಥಲಸ್ಸೇಮಿಯಾ ಇರುವ ಮಗುವಿಗೆ ಮೂರು-ನಾಲ್ಕು ವಾರಕ್ಕೊಮ್ಮೆ ರಕ್ತ ಬೇಕು. ಪ್ರತಿ ಚೀಲದ ಜೊತೆ 200 ಮಿಲಿಗ್ರಾಂ ಆಸುಪಾಸು ಕಬ್ಬಿಣ ಒಳಸೇರುತ್ತದೆ. ದೇಹ ದಿನಕ್ಕೆ ಹೊರಹಾಕುವುದು ಒಂದೆರಡು ಮಿಲಿಗ್ರಾಂ. ಮಿಕ್ಕದ್ದು ಹೃದಯ, ಯಕೃತ್ತುಗಳಲ್ಲಿ ಕೂರುತ್ತದೆ. ದಾನದ ಚೀಲದಲ್ಲಿ ಇಂದು ಹುಟ್ಟಿದ ಕಣವೂ ಇರುತ್ತದೆ, ನಾಳೆ ಸಾಯುವುದೂ ಇರುತ್ತದೆ. ಬೆಳೆಸಿದ ಕಣಗಳೆಲ್ಲ ಎಳೆಯವು. ಹೆಚ್ಚು ದಿನ ಬಾಳಿದರೆ ಚೀಲಗಳು ಕಡಿಮೆಯಾಗಿ ಕಬ್ಬಿಣವೂ ತಗ್ಗೀತು. ಬಾಂಬೆ ಗುಂಪಿನಂಥ ಅಪರೂಪದ ರಕ್ತದವರಿಗೂ ಇದು ಆಸರೆಯಾದೀತು. ‘ಶಿಬಿರ ಹೆಚ್ಚಿಸಿದರೆ ಸಾಕು’ ಎನ್ನುವವರ ಬಳಿ ಇವೆರಡಕ್ಕೂ ಉತ್ತರವಿಲ್ಲ.

ಹೊಗಳುವವರೂ ತಳ್ಳಿಹಾಕುವವರೂ ಮರೆತದ್ದು ಅಸ್ಥಿಮಜ್ಜೆ ಕಸಿಯನ್ನು. ಕಾಂಡಕೋಶದಿಂದ ರಕ್ತ ತಯಾರಿಸುವ ಕೆಲಸವನ್ನು ಅದು ರೋಗಿಯ ಮೂಳೆಯೊಳಗೇ ಮಾಡಿಸುತ್ತದೆ. ವೆಲ್ಲೂರಿನ ಸಿಎಂಸಿ ಆಸ್ಪತ್ರೆಯಲ್ಲಿ 1986ರಿಂದ ನಡೆದಿದೆ, ಬೆಂಗಳೂರಿನಲ್ಲೂ ಇದೆ. ಅಪಾಯವಿಲ್ಲದ್ದಲ್ಲ, ಹೊಸ ಮಜ್ಜೆಯೇ ದೇಹದ ಮೇಲೆ ತಿರುಗಿಬೀಳಬಹುದು. ಆದರೆ ಅಂಗಾಂಶದ ಗುರುತು ಹೊಂದಿದರೆ ಆ ಅಪಾಯ ಕಡಿಮೆ; ಒಡಹುಟ್ಟಿದವರಲ್ಲಿ ಆ ಗುರುತು, ಅಂದರೆ ಎಚ್‌ಎಲ್‌ಎ ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು, ಪರೀಕ್ಷೆಗೆ ಕೆನ್ನೆಯ ಒಳಬದಿಯನ್ನು ಹತ್ತಿಯಿಂದ ಒರೆಸಿದರೂ ಸಾಕು. ಯಕೃತ್ತು ಕೆಡುವ ಮೊದಲೇ, ಎಳವೆಯಲ್ಲೇ ಕಸಿಯಾದರೆ ಫಲ ಹೆಚ್ಚು. ಸಂಡೂರು, ಕಂಪ್ಲಿಯ ಥಲಸ್ಸೇಮಿಯಾ ಮಕ್ಕಳ ತಾಯ್ತಂದೆಯರಿಗೆ ಮೊದಲ ಚೀಲ ಏರಿಸುವ ದಿನವೇ ಈ ಮಾತು ಹೇಳಬೇಕು, ಆ ಪರೀಕ್ಷೆಯ ಮಾದರಿಯನ್ನು ಹೊಸಪೇಟೆಯಲ್ಲೇ ತೆಗೆದುಕೊಳ್ಳಬೇಕು.